ಪರದೆ ಕಪ್ಪಾಯಿತು, ಸದ್ದೂ ನಿಂತಿತು: ಮೊದಲು ಬಿದ್ದದ್ದು ಯಾವುದು?

ಆಟದ ನಡುವೆಯೋ ವಿಡಿಯೋ ನೋಡುವಾಗಲೋ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಸ್ಪೀಕರ್ ಒಂದೇ ಸ್ವರವನ್ನು ಹಿಡಿದು ಟರ್ರೆಂದು ಎಳೆಯುತ್ತದೆ. ಎರಡು ಮೂರು ಸೆಕೆಂಡಿಗೆ ಚಿತ್ರ ವಾಪಸ್ ಬರುತ್ತದೆ, ಇಲ್ಲವೇ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಗ್ರಾಫಿಕ್ಸ್ ಡ್ರೈವರನ್ನೂ ಸೌಂಡ್ ಡ್ರೈವರನ್ನೂ (ಆ ಭಾಗಗಳನ್ನು ವಿಂಡೋಸ್ ನಡೆಸಲು ಬಳಸುವ ತಂತ್ರಾಂಶಗಳನ್ನು) ಒಟ್ಟಿಗೆ ಕಿತ್ತು ಹೊಸದಾಗಿ ಹಾಕಿಬಿಡುತ್ತಾರೆ. ಅದರಿಂದ ಸರಿಹೋದರೆ ಒಳ್ಳೆಯದೇ. ಹೋಗದಿದ್ದರೆ, ಏನು ಕೆಟ್ಟಿತ್ತು ಎಂದು ಹೋಲಿಸಿ ನೋಡಲು ಹಳೆಯ ಸ್ಥಿತಿಯೂ ಉಳಿದಿರುವುದಿಲ್ಲ.

ಎರಡೂ ಒಟ್ಟಿಗೆ ಬಿದ್ದಂತೆ ಕಂಡರೂ ಸಾಮಾನ್ಯವಾಗಿ ಒಂದು ಇನ್ನೊಂದನ್ನು ಎಳೆದುಕೊಂಡು ಬಿದ್ದಿರುತ್ತದೆ. ಹಲವು ಸಲ ಎರಡೂ ನಿರಪರಾಧಿಗಳಾಗಿದ್ದು, ರ‍್ಯಾಮ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ಅಥವಾ ಪ್ರೊಸೆಸರ್ ಮಾಡಿದ ತಪ್ಪು ಇವುಗಳ ಹೆಸರಿನಲ್ಲಿ ದಾಖಲಾಗಿರುತ್ತದೆ. ಆದ್ದರಿಂದ ಏನನ್ನೂ ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಯಾವುದು ಮೊದಲು ಬಿತ್ತು ಎಂದು ನೋಡಬೇಕು. ಮುಂದೆ ಹೇಳುವುದೆಲ್ಲ ವಿಂಡೋಸ್ 10 ಮತ್ತು 11 ಇರುವ ಮನೆಯ ಕಂಪ್ಯೂಟರಿಗೆ.

ಆ ಎರಡು ಸೆಕೆಂಡಿನಲ್ಲಿ ಆಗುವುದೇನು

ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದ ಕೆಲಸ 2 ಸೆಕೆಂಡಾದರೂ ಮುಗಿಯದೆ, ಕಾರ್ಡು ಅದನ್ನು ಬಿಟ್ಟುಕೊಡದೆ ಕೂತರೆ, ಕಾರ್ಡು ಸಿಕ್ಕಿಹಾಕಿಕೊಂಡಿದೆ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಆಗ ಡ್ರೈವರನ್ನೂ ಕಾರ್ಡನ್ನೂ ರೀಸೆಟ್ ಮಾಡುತ್ತದೆ. ವಿಸ್ಟಾ ಕಾಲದಿಂದ ಇರುವ ಈ ವ್ಯವಸ್ಥೆಗೆ ಟಿಡಿಆರ್ ಎಂದು ಹೆಸರು. ನಿಮಗೆ ಕಾಣುವ ಕಪ್ಪು ಪರದೆ ಈ ರೀಸೆಟ್‌ನದು. ರೀಸೆಟ್ ಫಲಿಸದಿದ್ದರೆ, ಅಥವಾ 60 ಸೆಕೆಂಡಿನೊಳಗೆ 5ಕ್ಕಿಂತ ಹೆಚ್ಚು ಸಲ ಹೀಗೇ ಆದರೆ, ವಿಂಡೋಸ್ ಕೈಚೆಲ್ಲಿ 'ವಿಡಿಯೋ ಟಿಡಿಆರ್ ಫೇಲ್ಯೂರ್' ಎಂಬ ನೀಲಿ ಪರದೆ ತೋರಿಸುತ್ತದೆ. ಅದರ ಸಂಖ್ಯೆ 116. 2025ರ ಅಪ್‌ಡೇಟ್ ಪಡೆದ ವಿಂಡೋಸ್ 11ರಲ್ಲಿ ಆ ನೀಲಿ ಪರದೆಯ ಬಣ್ಣವೇ ಕಪ್ಪಾಗಿದೆ. ಹಾಗಾಗಿ ಬಣ್ಣ ನೋಡಬೇಡಿ, ಕೆಳಗೆ ಬರೆದ ಸ್ಟಾಪ್ ಕೋಡ್ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಸದ್ದಿನ ಸಂಗತಿ ಇಲ್ಲಿಯೇ ಹೆಣೆದುಕೊಂಡಿದೆ. ಮಾನಿಟರ್ ಅಥವಾ ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗುವ ಸದ್ದು ಹೊರಡುವುದು ಮದರ್‌ಬೋರ್ಡಿನ ಸೌಂಡ್ ಚಿಪ್‌ನಿಂದಲ್ಲ, ಗ್ರಾಫಿಕ್ಸ್ ಕಾರ್ಡಿನೊಳಗಿನ ಆಡಿಯೋ ಭಾಗದಿಂದ. ಅದರ ಡ್ರೈವರ್ ಬರುವುದೂ ಗ್ರಾಫಿಕ್ಸ್ ಡ್ರೈವರಿನ ಜೊತೆಗೇ. ಕಾರ್ಡು ರೀಸೆಟ್ ಆದಾಗ ಆ ಸದ್ದೂ ಹೋಗುವುದು ಸಹಜ. ಇಂಥ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಸೌಂಡ್ ಚಿಪ್‌ನ ರಿಯಲ್‌ಟೆಕ್ ಡ್ರೈವರನ್ನು ಹತ್ತು ಸಲ ಬದಲಿಸಿದರೂ ಫಲವಿಲ್ಲ.

ಪರೀಕ್ಷೆ ಸುಲಭ. ಕ್ಯಾಬಿನೆಟ್ ಹಿಂಬದಿಯ ಹಸಿರು ಜ್ಯಾಕಿಗೆ ಹೆಡ್‌ಫೋನ್ ಚುಚ್ಚಿ, ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆಯಲ್ಲಿ ಔಟ್‌ಪುಟ್ ಅದಕ್ಕೇ ಬದಲಿಸಿ, ಹಾಡೊಂದನ್ನು ಹಾಕಿಟ್ಟು ಎಂದಿನಂತೆ ಕೆಲಸ ಮಾಡಿ. ಮುಂದಿನ ಸಲ ಪರದೆ ಕಪ್ಪಾದಾಗ ಹಾಡು ತಡೆಯಿಲ್ಲದೆ ಹರಿದರೆ ತೊಂದರೆ ಗ್ರಾಫಿಕ್ಸ್‌ನಷ್ಟಕ್ಕೇ ಸೀಮಿತ. ಹಾಡೂ ಟರ್ರೆಂದು ಸಿಕ್ಕಿಕೊಂಡರೆ ಇಡೀ ಯಂತ್ರವೇ ನಿಂತಿರಬಹುದು. ಆಗಲೇ ಕೀಬೋರ್ಡಿನ ನಮ್ ಲಾಕ್ ಒತ್ತಿ ದೀಪ ಆರಿ ಹತ್ತುತ್ತದೆಯೇ ನೋಡಿ. ದೀಪ ಬದಲಾದರೆ ವಿಂಡೋಸ್ ಇನ್ನೂ ಜೀವಂತ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಒಂದು ಬೀಪ್ ಕೇಳಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ, ತೆರೆದಿಟ್ಟ ಕೆಲಸ ಉಳಿಯುವ ಅವಕಾಶವಿದೆ. ದೀಪ ಕದಲದಿದ್ದರೆ ಶಂಕೆ ಡ್ರೈವರಿನಿಂದಾಚೆಗೆ, ರ‍್ಯಾಮ್, ಎಸ್‌ಎಂಪಿಎಸ್, ಪ್ರೊಸೆಸರ್ ಕಡೆಗೂ ಹೋಗಬೇಕು.

ದಾಖಲೆ ಓದುವುದು

ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿ ತೆರೆಯಿರಿ. ದಿನದಿನದ ಸಾಲಿನಲ್ಲಿ ಕೆಂಪು ಗುರುತುಗಳಿರುತ್ತವೆ. ಮೊದಲ ಕೆಂಪು ಗುರುತು ಬಿದ್ದ ದಿನ ಹುಡುಕಿ, ಅದರ ಹಿಂದಿನ ಎರಡು ಮೂರು ದಿನಗಳಲ್ಲಿ ಯಾವ ಡ್ರೈವರ್ ಅಥವಾ ಅಪ್‌ಡೇಟ್ ಬಂದಿತ್ತು ನೋಡಿ. ಕಾರಣ ಎಷ್ಟೋ ಸಲ ಇಲ್ಲೇ ಸಿಕ್ಕಿಬಿಡುತ್ತದೆ.

ಇಲ್ಲಿ 'ಹಾರ್ಡ್‌ವೇರ್ ಎರರ್' ಎಂದಿದ್ದು, ಒಳಗೆ 'ಲೈವ್ ಕರ್ನಲ್ ಇವೆಂಟ್' ಮತ್ತು 141 ಅಥವಾ 117 ಎಂಬ ಸಂಖ್ಯೆ ಇದ್ದರೆ ಕಾರ್ಡು ಸುಟ್ಟುಹೋಯಿತೆಂದು ಗಾಬರಿಯಾಗಬೇಡಿ. ಹೆಸರು ಹಾರ್ಡ್‌ವೇರ್ ಎಂದಿದ್ದರೂ ಅವೆರಡೂ ಹೇಳುವುದು ಇಷ್ಟೇ: ಗ್ರಾಫಿಕ್ಸ್ ಎಂಜಿನ್ ಹೇಳಿದ ಹೊತ್ತಿಗೆ ಉತ್ತರ ಕೊಡಲಿಲ್ಲ. ಕೆಟ್ಟ ಡ್ರೈವರಿನಿಂದಲೂ ಅದೇ ಸಂಖ್ಯೆ ಬರುತ್ತದೆ. ಈ ಹೆಸರು ನೋಡಿ ಒಳ್ಳೆಯ ಕಾರ್ಡನ್ನು ಅಗ್ಗಕ್ಕೆ ಮಾರಿಬಿಟ್ಟರೆ ಬೇಸರದ ಸಂಗತಿ.

ಮುಂದೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಮ್‌ಗೆ ಹೋಗಿ. ತೊಂದರೆಯಾದ ನಿಮಿಷಕ್ಕೆ ಇಳಿದು, ಕೆಳಗಿನಿಂದ ಮೇಲಕ್ಕೆ ಓದಿ; ಹಳೆಯದು ಕೆಳಗಿರುತ್ತದೆ. 'ಡಿಸ್‌ಪ್ಲೇ' ಮೂಲದ 4101 ಎಂಬುದು ಡ್ರೈವರ್ ನಿಂತು ಚೇತರಿಸಿಕೊಂಡ ದಾಖಲೆ. ಅದರಲ್ಲಿರುವ ಫೈಲ್ ಹೆಸರು ಎನ್‌ವಿ ಎಂದು ಶುರುವಾದರೆ ಎನ್‌ವಿಡಿಯಾ, ಎಎಂಡಿ ಅಥವಾ ಎಟಿಐ ಎಂದಾದರೆ ಎಎಂಡಿ, ಐಜಿಡಿ ಎಂದಾದರೆ ಇಂಟೆಲ್. ಎನ್‌ವಿಡಿಯಾ ಕಾರ್ಡಿರುವಲ್ಲಿ 13, 14 ಅಥವಾ 153 ಸಂಖ್ಯೆಯ ಸಾಲುಗಳೂ ಕಾಣುತ್ತವೆ. ಅವುಗಳ ಒಳಗೆ 'ವಿವರಣೆ ಸಿಗಲಿಲ್ಲ' ಎಂಬರ್ಥದ ಉದ್ದನೆಯ ಇಂಗ್ಲಿಷ್ ಪ್ಯಾರಾ ಇದ್ದರೆ ಅದು ಬೇರೊಂದು ದೋಷವಲ್ಲ, ಸಂದೇಶದ ಪಠ್ಯ ಸಿಗದಿದ್ದಕ್ಕೆ ಬರುವ ಮಾತು.

4101ರ ಕೆಳಗೆ, ಅಂದರೆ ಅದಕ್ಕಿಂತ ಮೊದಲೇ, 'ವೀ ಲಾಗರ್' ಮೂಲದ ಸಾಲು ಇದೆಯೇ ಎಂಬುದು ಮುಖ್ಯ. ಇಂಗ್ಲಿಷಿನಲ್ಲಿ ಡಬ್ಲ್ಯೂ, ಎಚ್, ಇ, ಎ ಎಂಬ ನಾಲ್ಕು ಅಕ್ಷರಗಳು. ಅದರ 17 ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್, ಅಂದರೆ ಕಾರ್ಡು ಮದರ್‌ಬೋರ್ಡಿಗೆ ಕೂರುವ ಸ್ಲಾಟಿನ ಸಂಪರ್ಕದಲ್ಲಿ ತಪ್ಪಾಗಿ ಸರಿಹೋದ ದಾಖಲೆ: ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲದಿರಬಹುದು, ಇಲ್ಲವೇ ಕಾರ್ಡನ್ನು ಸ್ಲಾಟಿಗೆ ಜೋಡಿಸುವ ರೈಸರ್ ಕೇಬಲ್ ಕೆಟ್ಟಿರಬಹುದು. 18 ಬಂದರೆ ಪ್ರೊಸೆಸರ್ ಕಡೆ ನೋಡಬೇಕು. 'ಕರ್ನಲ್ ಪವರ್ 41' ಎಂಬ ಸಾಲನ್ನು ಕಾರಣವೆಂದು ತಿಳಿಯುವುದು ತಪ್ಪು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ಆದರೆ ಅದರ ಡೀಟೇಲ್ಸ್ ಟ್ಯಾಬಿನಲ್ಲಿ ಬಗ್‌ಚೆಕ್ ಕೋಡ್ 0 ಎಂದಿದ್ದರೆ ವಿಂಡೋಸ್‌ಗೆ ನೀಲಿ ಪರದೆ ತೋರಿಸುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ. ಅಂದರೆ ಕರೆಂಟು ಕೈಕೊಟ್ಟಿತು, ಇಲ್ಲವೇ ಯಂತ್ರ ಒಮ್ಮೆಗೇ ಜಡವಾಯಿತು.

ಡ್ರೈವರ್ ಮುಟ್ಟುವ ಮೊದಲು ಸ್ಕ್ರೂಡ್ರೈವರ್

ಭಾರದ ಕೆಲಸದಲ್ಲಿ ಮಾತ್ರ ಬೀಳುತ್ತದೆ, ಸುಮ್ಮನೆ ಬ್ರೌಸರ್ ತೆರೆದಿಟ್ಟಾಗ ಬೀಳುವುದಿಲ್ಲ ಎಂದಾದರೆ ಶಾಖ ಮತ್ತು ಕರೆಂಟಿನಿಂದ ಶುರು ಮಾಡಿ. ಉಷ್ಣತೆ ತೋರಿಸುವ ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯೂ-ಇನ್ಫೋ ಎಂಬ ಪ್ರೋಗ್ರಾಮ್ ಹಾಕಿ, ಲಾಗ್ ಫೈಲಿಗೆ ಬರೆಯುವ ಆಯ್ಕೆ ಗುರುತಿಸಿ, ಬೀಳುವವರೆಗೆ ಬಿಡಿ. ಲಾಗಿನ ಕೊನೆಯ ಸಾಲುಗಳಲ್ಲಿ ಉಷ್ಣತೆ 90 ಡಿಗ್ರಿ ಸಮೀಪಿಸಿದ್ದರೆ ಫ್ಯಾನ್, ಧೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಬೇಕು. ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಎಂಬ ಬೇರೆ ಅಂಕಿ ಇದ್ದರೆ ಅದು ಇನ್ನೂ ಮೇಲಿರುವುದು ಸಹಜ. ಎಎಂಡಿಯ ಹಲವು ಕಾರ್ಡುಗಳಲ್ಲಿ ಅದರ ಮಿತಿ 110. ಎರಡು ಅಂಕಿಗಳ ನಡುವಿನ ಅಂತರ 25–30 ಡಿಗ್ರಿ ದಾಟಿದರೆ ಪೇಸ್ಟ್ ಹೋಗಿದೆ ಎಂದು ಶಂಕಿಸಬಹುದು.

ಕರೆಂಟಿನ ಲೆಕ್ಕ ಹೀಗೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಕೊಡುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ನಿನ ಕೇಬಲ್ 75, 8 ಪಿನ್ನಿನದು 150. ಎರಡು 8 ಪಿನ್ ಸಾಕೆಟ್ ಇರುವ ಕಾರ್ಡಿಗೆ ಒಂದೇ ಕೇಬಲ್‌ನ ಎರಡು ಕವಲುಗಳನ್ನು ಚುಚ್ಚುವುದು ಬಹಳ ಕಡೆ ಕಾಣುವ ತಪ್ಪು. ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. ಮಲ್ಟಿಮೀಟರ್ ಇದ್ದರೆ ಆಟ ಓಡುತ್ತಿರುವಾಗಲೇ ನಾಲ್ಕು ಪಿನ್ನಿನ ಮೊಲೆಕ್ಸ್‌ನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ನಂಬಿ ಎಸ್‌ಎಂಪಿಎಸ್ ಬದಲಿಸಬೇಡಿ, ಅದು ತಪ್ಪಿರಬಹುದು. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣಾಪಾಯದ ವೋಲ್ಟೇಜ್ ಉಳಿದಿರುತ್ತದೆ.

ಕರೆಂಟ್ ಹೋಗಿ ಯುಪಿಎಸ್‌ಗೆ ಹೊರಳುವ ಕ್ಷಣದಲ್ಲೇ ಬೀಳುತ್ತಿದ್ದರೆ ಡ್ರೈವರಿನ ಮಾತೇ ಬೇಡ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಕೊಡಬಲ್ಲದ್ದು 360 ವ್ಯಾಟ್ ಆಸುಪಾಸು. ದೊಡ್ಡ ಕಾರ್ಡು ಭಾರದಲ್ಲಿರುವಾಗ ಅದು ತಡೆದುಕೊಳ್ಳುವುದಿಲ್ಲ.

ಇನ್ನು ಸಂಪರ್ಕ. ಕರಾವಳಿಯ ಮಳೆಗಾಲದ ತೇವದಲ್ಲಿ, ಬಯಲುಸೀಮೆಯ ಧೂಳಿನಲ್ಲಿ ಕಾರ್ಡಿನ ಚಿನ್ನದ ಹಲ್ಲುಗಳ ಮೇಲೆ ಮಬ್ಬು ಪದರ ಕೂರುತ್ತದೆ. ಪ್ಲಗ್ ತೆಗೆದು, ಪವರ್ ಬಟನ್ 10 ಸೆಕೆಂಡ್ ಒತ್ತಿಹಿಡಿದು ಉಳಿದ ಚಾರ್ಜ್ ಇಳಿಸಿ. ಮಾನಿಟರ್ ಕೇಬಲ್, ಪವರ್ ಕೇಬಲ್, ಹಿಂಬದಿಯ ಸ್ಕ್ರೂ ಬಿಚ್ಚಿ. ಸ್ಲಾಟಿನ ತುದಿಯ ಚಿಲಕ ಒತ್ತದೆ ಕಾರ್ಡು ಎಳೆದರೆ ಸ್ಲಾಟು ಕಿತ್ತು ಬರಬಹುದು. ಕಾರ್ಡಿನ ಅಡಿ ಬೆರಳು ಹೋಗದಿದ್ದರೆ ಮರದ ಪೆನ್ಸಿಲಿನ ಸೀಸವಿಲ್ಲದ ತುದಿಯಿಂದ ಒತ್ತಿ. ಹಲ್ಲುಗಳನ್ನು ಬಿಳಿ ಮೆತ್ತನೆಯ ರಬ್ಬರಿನಿಂದ ಕಾರ್ಡಿನ ಒಳಗಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ರಬ್ಬರಿನ ಪುಡಿ ಒರೆಸಿ, ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಮತ್ತೊಮ್ಮೆ ಒರೆಸಿ ಒಣಗಲು ಬಿಡಿ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ. ವಾಪಸ್ ಕೂರಿಸುವಾಗ ಚಿಲಕ ಟಕ್ಕೆಂದು ಬೀಳಬೇಕು. ಉದ್ದದ ಭಾರೀ ಕಾರ್ಡಿನ ತುದಿ ಜೋತುಬಿದ್ದಿದ್ದರೆ ಆಸರೆ ಕೊಡಿ.

ಡ್ರೈವರ್ ಶುದ್ಧವಾಗಿ ಹಾಕುವುದು

ಶಾಖವೂ ಕರೆಂಟೂ ಸರಿ ಎಂದಾದರೆ ಈಗ ಡ್ರೈವರ್. ಡ್ರೈವರ್ ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, 'ರೋಲ್ ಬ್ಯಾಕ್ ಡ್ರೈವರ್' ಸಾಕು. ಆ ಬಟನ್ ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ, ಪೂರ್ತಿ ತೆಗೆದು ಹಾಕಬೇಕು.

ಕಾರ್ಡಿನ ಕಂಪನಿಯ ಸೈಟಿನಿಂದ ಡ್ರೈವರನ್ನೂ, ಹಳೆಯ ಡ್ರೈವರನ್ನು ಪೂರ್ತಿ ತೆಗೆಯುವ ಡಿಡಿಯು ಎಂಬ ಉಚಿತ ಸಾಧನವನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇರುವ ಲ್ಯಾಪ್‌ಟಾಪ್ ಆದರೆ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ, ಸೇಫ್ ಮೋಡ್‌ಗೆ ಹೋಗುವ ದಾರಿಯಲ್ಲಿ ಅದನ್ನು ಕೇಳಬಹುದು. ನೆಟ್ ಕೇಬಲ್ ತೆಗೆಯಿರಿ, ವೈಫೈ ಆರಿಸಿ. ಇದನ್ನು ಬಿಟ್ಟರೆ ನೀವು ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತುರುಕುತ್ತದೆ, ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್ ದಾಟಿ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಡಿಡಿಯು ಓಡಿಸಿ 'ಕ್ಲೀನ್ ಅಂಡ್ ರೀಸ್ಟಾರ್ಟ್' ಕೊಡಿ. ಸೇಫ್ ಮೋಡ್‌ನಲ್ಲಿ ಸದ್ದು ಬರುವುದಿಲ್ಲ, ಆಡಿಯೋ ಸರ್ವಿಸ್ ಅಲ್ಲಿ ಓಡುವುದೇ ಇಲ್ಲ. ಅದನ್ನು ಹೊಸ ದೋಷ ಎಂದು ಎಣಿಸಬೇಡಿ.

ಮರಳಿ ಬಂದ ಮೇಲೆ, ನೆಟ್ ಇನ್ನೂ ಹಾಕದೆ, ಡ್ರೈವರ್ ಇನ್‌ಸ್ಟಾಲ್ ಮಾಡಿ. ತೀರಾ ಹೊಸದೇ ಬೇಕೆಂಬ ಹಟ ಬೇಡ. ತೊಂದರೆಯಿಲ್ಲದೆ ಓಡುತ್ತಿದ್ದ ಕಾಲದ ಆವೃತ್ತಿಯೇ ಮೊದಲ ಆಯ್ಕೆ. ಎನ್‌ವಿಡಿಯಾದ ಜಿಟಿಎಕ್ಸ್ 900 ಮತ್ತು 1000 ಸರಣಿಯವರಿಗೆ 2025ರ ಅಕ್ಟೋಬರ್ ನಂತರ ಹೊಸ ಗೇಮ್ ರೆಡಿ ಡ್ರೈವರ್ ಇಲ್ಲ, 580ರ ಸರಣಿಯೇ ಕೊನೆ. ಅದಕ್ಕಿಂತ ಮುಂದಿನ ಸರಣಿ ಹುಡುಕಿ ಫಲವಿಲ್ಲ. ಲ್ಯಾಪ್‌ಟಾಪ್ ಆದರೆ ತಯಾರಕರ ಸೈಟಿನ ಡ್ರೈವರನ್ನೇ ಮೊದಲು ಹಾಕಿ ನೋಡಿ.

ಒಂದು ಮಾತು ಎಲ್ಲ ಹಂತಗಳಿಗೂ ಸಲ್ಲುತ್ತದೆ. ಪ್ರತಿ ಬದಲಾವಣೆಯ ನಂತರ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರಿನಲ್ಲಿ ಶಟ್‌ಡೌನ್ ಎಂದರೆ ವಿಂಡೋಸಿನ ಒಳಭಾಗವನ್ನೂ ಡ್ರೈವರುಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದು ಮಲಗುವುದು. ಮರುದಿನ ಎದ್ದಾಗ ಅದೇ ಕೆಟ್ಟ ಸ್ಥಿತಿ ವಾಪಸ್ ಬರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಲೋಡ್ ಮಾಡುತ್ತದೆ.

ರಿಜಿಸ್ಟ್ರಿಯಲ್ಲಿ 'ಟಿಡಿಆರ್ ಡಿಲೇ' ಹೆಚ್ಚಿಸಿ, 2ರ ಬದಲು 10 ಸೆಕೆಂಡ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬ್ಲೆಂಡರ್‌ನಲ್ಲಿ ಭಾರೀ ರೆಂಡರಿಂಗ್ ಮಾಡುವವರಿಗೆ ಅದು ಸರಿ, ಅಲ್ಲಿ ಒಂದೊಂದು ಕೆಲಸ ನಿಜವಾಗಿಯೂ ದೀರ್ಘ. ಆಟದಲ್ಲಿ ಬೀಳುವ ಕಂಪ್ಯೂಟರಿಗೆ ಇದನ್ನು ಮಾಡಿದರೆ ಕಪ್ಪು ಪರದೆ 2 ಸೆಕೆಂಡಿನ ಬದಲು 10 ಸೆಕೆಂಡ್ ಕಾಯಿಸಿ ಬರುತ್ತದೆ, ಅಷ್ಟೇ. ಇದು ಮದ್ದಲ್ಲ.

ಸದ್ದೊಂದೇ ಕೆಟ್ಟಾಗ

ಚಿತ್ರ ಚೆನ್ನಾಗಿದ್ದು ಸದ್ದು ಮಾತ್ರ ಮಾಯವಾದರೆ ಮೊದಲು ಸರ್ವಿಸಸ್ ತೆರೆದು 'ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್' ರೀಸ್ಟಾರ್ಟ್ ಮಾಡಿ. 'ವಿಂಡೋಸ್ ಆಡಿಯೋ' ಅದನ್ನೇ ನೆಚ್ಚಿಕೊಂಡಿರುವುದರಿಂದ ಜೊತೆಗೆ ಅದೂ ರೀಸ್ಟಾರ್ಟ್ ಆಗುತ್ತದೆ. ಸದ್ದು ಬಂದರೆ, ಡ್ರೈವರಿಗಿಂತ ಅದರ ಮೇಲೆ ಕೂತ ಎಫೆಕ್ಟ್ ಸಾಫ್ಟ್‌ವೇರಿನ ಮೇಲೆ ಹೆಚ್ಚು ಅನುಮಾನ ಪಡಿ. ಈಕ್ವಲೈಸರ್, ಸರೌಂಡ್ ಮುಂತಾದ ಎಫೆಕ್ಟುಗಳು ಆಡಿಯೋ ಡಿವೈಸ್ ಗ್ರಾಫ್ ಎಂಬ ಪ್ರಕ್ರಿಯೆಯೊಳಗೆ ಓಡುತ್ತವೆ. ಅವುಗಳಲ್ಲೊಂದು ಎಡವಿದರೆ ಆ ಪ್ರಕ್ರಿಯೆಯೇ ಬೀಳುತ್ತದೆ, ಎಲ್ಲ ಪ್ರೋಗ್ರಾಮುಗಳ ಸದ್ದೂ ಒಟ್ಟಿಗೆ ನಿಲ್ಲುತ್ತದೆ. ಸೌಂಡ್ ಸೆಟಿಂಗ್ಸ್‌ನಲ್ಲಿ ಆ ಸ್ಪೀಕರಿನ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ ಎರಡು ದಿನ ನೋಡಿ.

ಆಗಲೂ ನಿಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ರಿಯಲ್‌ಟೆಕ್ ಆಡಿಯೋ ಮೇಲೆ 'ಅಪ್‌ಡೇಟ್ ಡ್ರೈವರ್' ಒತ್ತಿ, ನನ್ನ ಕಂಪ್ಯೂಟರಿನಲ್ಲೇ ಹುಡುಕುತ್ತೇನೆ, ಪಟ್ಟಿಯಿಂದ ಆರಿಸುತ್ತೇನೆ ಎಂಬ ಆಯ್ಕೆಗಳ ಮೂಲಕ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಆರಿಸಿ. ಇದು ಮೈಕ್ರೋಸಾಫ್ಟಿನ ಸರಳ ಡ್ರೈವರ್. ಇದರಲ್ಲಿ ವಾರವಿಡೀ ತೊಂದರೆ ಬರದಿದ್ದರೆ ಚಿಪ್ ಚೆನ್ನಾಗಿದೆ, ರಿಯಲ್‌ಟೆಕ್ ಪ್ಯಾಕೇಜೇ ಕೆಟ್ಟದ್ದು. ಅದನ್ನು ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ, ನಿಮ್ಮ ಮಾಡೆಲ್ ಸಂಖ್ಯೆ ನೋಡಿ ತನ್ನಿ. ರಿಯಲ್‌ಟೆಕ್ ಡ್ರೈವರಿಗೆ ಪ್ರತಿ ಬೋರ್ಡಿನ ಜ್ಯಾಕ್ ಜೋಡಣೆಗೆ ತಕ್ಕ ಹೊಂದಿಕೆ ಸೇರಿಸಿರುತ್ತಾರೆ, ಬೇರೆ ಬೋರ್ಡಿನದು ಹಾಕಿದರೆ ಮೈಕ್ ಕೇಳಿಸದೆ ಹೋಗಬಹುದು.

11ನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಏರಿದ ಮೇಲೆ ನೀಲಿ ಪರದೆ ಕೊಡುತ್ತಿದ್ದರೆ, ಡಿವೈಸ್ ಮ್ಯಾನೇಜರಿನ ಸಿಸ್ಟಮ್ ಡಿವೈಸಸ್ ಅಡಿ 'ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಆಡಿಯೋ ಕಂಟ್ರೋಲರ್'ನ ಆವೃತ್ತಿ ನೋಡಿ. 10.29.0.5152 ಅಥವಾ 10.30.0.5152 ಇದ್ದರೆ ಅದೇ ದೋಷಿ. ಕೊನೆಯ ಸಂಖ್ಯೆ 5714 ಅಥವಾ ಮೇಲಿನದು ಬೇಕು.

ಸದ್ದು ನಿಲ್ಲುವುದಿಲ್ಲ, ನಡುನಡುವೆ ಪಟಪಟ ಎನ್ನುತ್ತದೆ ಎಂಬುದು ಬೇರೆಯೇ ದೋಷ. ವಿಂಡೋಸ್ ಸಾಮಾನ್ಯವಾಗಿ ಸದ್ದನ್ನು 10 ಮಿಲಿಸೆಕೆಂಡಿನ ತುತ್ತುಗಳಾಗಿ ಉಣಿಸುತ್ತದೆ. ಯಾವುದೋ ಡ್ರೈವರ್ ಪ್ರೊಸೆಸರನ್ನು ಅಷ್ಟು ಹೊತ್ತು ಬಿಡದೆ ಹಿಡಿದರೆ ತುತ್ತು ತಪ್ಪುತ್ತದೆ, ಸ್ಪೀಕರ್ ಪಟ್ಟೆನ್ನುತ್ತದೆ. ಡ್ರೈವರೊಂದು ಹಾಗೆ ಹಿಡಿಯಬಹುದಾದ ಹೊತ್ತು 100 ಮೈಕ್ರೋಸೆಕೆಂಡ್ ಮೀರಬಾರದು ಎಂಬುದು ಮೈಕ್ರೋಸಾಫ್ಟಿನ ನಿಯಮ. ಲೇಟೆನ್ಸಿ-ಮಾನ್ ಎಂಬ ಸಾಧನವನ್ನು 10 ನಿಮಿಷ ಓಡಿಸಿ, ಡ್ರೈವರ್ಸ್ ಟ್ಯಾಬಿನಲ್ಲಿ ಹೆಚ್ಚು ಹೊತ್ತು ಹಿಡಿದವರ ಪಟ್ಟಿ ನೋಡಿ. ಮೇಲೆ ಎನ್‌ಡಿಐಎಸ್ ಎಂಬ ಹೆಸರಿದ್ದರೆ ವೈಫೈ ಆರಿಸಿ ಮತ್ತೆ ಅಳೆಯಿರಿ. ಇಳಿದರೆ ವೈಫೈ ಡ್ರೈವರ್ ಬದಲಿಸಬೇಕು, ಸೌಂಡ್ ಡ್ರೈವರಲ್ಲ. ಎಸಿಪಿಐ ಎಂದಿದ್ದರೆ ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್. ಎನ್‌ವಿ ಅಥವಾ ಡಿಎಕ್ಸ್‌ಜಿ ಎಂದಿದ್ದರೆ ಗ್ರಾಫಿಕ್ಸ್. ಯುಎಸ್‌ಬಿ ಹೆಡ್‌ಸೆಟ್ ಆದರೆ ಮುಂಬದಿಯ ಪೋರ್ಟ್ ಬಿಟ್ಟು ಹಿಂಬದಿಯ ಪೋರ್ಟಿಗೆ ಚುಚ್ಚಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಡ್ರೈವರಿನ ಹೆಸರು, ಪ್ರೊಸೆಸರಿನ ತಪ್ಪು

ಇದನ್ನೆಲ್ಲ ಮಾಡಿದ ಮೇಲೂ ಬೀಳುತ್ತಿದ್ದರೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಫೈಲ್ ಹೆಸರು ಬರುತ್ತಿದ್ದರೆ, ರ‍್ಯಾಮ್ ನೋಡಿ. ಬಯೋಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿದರೆ ರ‍್ಯಾಮ್ ತನ್ನ ಮೂಲ ವೇಗಕ್ಕೆ ಇಳಿಯುತ್ತದೆ. ಆ ವೇಗದಲ್ಲಿ ತೊಂದರೆ ನಿಂತರೆ ಉತ್ತರ ಸಿಕ್ಕಿತು. ನಿಲ್ಲದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ 4 ಪಾಸ್ ಓಡಿಸಿ. ಒಂದೇ ಒಂದು ತಪ್ಪು ಬಂದರೂ ರ‍್ಯಾಮ್ ಸರಿಯಿಲ್ಲ. 'ಒಂದೇ ತಾನೆ' ಎಂದು ಬಿಡುವಂತಿಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣ ಇದಕ್ಕೆ ಅತಿ ಸ್ಪಷ್ಟ ಉದಾಹರಣೆ. ಅನ್‌ರಿಯಲ್ ಎಂಜಿನ್ನಿನ ಆಟಗಳು ಶೇಡರ್ (ಚಿತ್ರ ಬಿಡಿಸಲು ಗ್ರಾಫಿಕ್ಸ್ ಕಾರ್ಡು ಓಡಿಸುವ ಪುಟ್ಟ ಪ್ರೋಗ್ರಾಮ್) ಸಿದ್ಧಪಡಿಸುವಾಗ 'ವಿಡಿಯೋ ಮೆಮೊರಿ ಸಾಲದು' ಎಂಬ ಸಂದೇಶ ಕೊಟ್ಟು ಬೀಳುತ್ತಿದ್ದವು. ಓದಿದವರೆಲ್ಲ ಗ್ರಾಫಿಕ್ಸ್ ಕಾರ್ಡನ್ನೇ ದೂರಿದರು. ಆದರೆ ಒತ್ತಿಟ್ಟ ಶೇಡರ್ ದತ್ತಾಂಶವನ್ನು ಬಿಚ್ಚುವ ಕೆಲಸ ಪ್ರೊಸೆಸರಿನದು, ತಪ್ಪಾಗುತ್ತಿದ್ದುದು ಅಲ್ಲಿ. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಪ್ರೊಸೆಸರ್ ದಿನಕಳೆದಂತೆ ಸವೆಯುತ್ತಿತ್ತು. 2024ರ ಆಗಸ್ಟ್‌ನಲ್ಲಿ ಇಂಟೆಲ್ 129 ಸಂಖ್ಯೆಯ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ಸೆಪ್ಟೆಂಬರಿನಲ್ಲಿ 12ಬಿ. ಬಾಧಿತ ಪ್ರೊಸೆಸರುಗಳ ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ನಿಮ್ಮಲ್ಲಿ ಈ ತಲೆಮಾರಿನ ಐ7 ಅಥವಾ ಐ9 ಇದ್ದರೆ ಬೇರೇನೂ ಮಾಡುವ ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಇಂಟೆಲ್ ಡೀಫಾಲ್ಟ್ ಸೆಟಿಂಗ್ಸ್ ಆರಿಸಿ. ಈ ತಿದ್ದುಪಡಿ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿಮಾಡುವುದಿಲ್ಲ. ಅಪ್‌ಡೇಟ್ ನಂತರವೂ ಬಿದ್ದರೆ ಪ್ರೊಸೆಸರ್ ಬದಲಿಸಿಕೊಳ್ಳಬೇಕು.

ವಾರಂಟಿಗೆ ಕೊಡುವಾಗ 'ಆಗಾಗ ಆಫ್ ಆಗುತ್ತೆ' ಎಂದಷ್ಟೇ ಹೇಳಿದರೆ, ಸರ್ವಿಸ್ ಸೆಂಟರಿನವರು ಅರ್ಧ ಗಂಟೆ ಓಡಿಸಿ ಸರಿಯಾಗಿದೆ ಎಂದು ವಾಪಸ್ ಕೊಡುವ ಸಂಭವವೇ ಹೆಚ್ಚು. ಸಾಧ್ಯವಾದರೆ ಕಾರ್ಡನ್ನು ಗೆಳೆಯರ ಕಂಪ್ಯೂಟರಿಗೆ ಹಾಕಿ ಅದೇ ಆಟ, ಅದೇ ಸೆಟಿಂಗ್‌ನಲ್ಲಿ ಓಡಿಸಿ. ಅಲ್ಲಿಯೂ ಬಿದ್ದರೆ ಕಾರ್ಡು, ಬೀಳದಿದ್ದರೆ ನಿಮ್ಮ ಉಳಿದ ಯಂತ್ರ. ಸ್ಟಾಪ್ ಕೋಡಿನ ಫೋಟೋ, ಇವೆಂಟ್ ಸಂಖ್ಯೆ ಮತ್ತು ಸಮಯ, ಉಷ್ಣತೆಯ ಲಾಗ್, ಎಷ್ಟು ಹೊತ್ತು ಯಾವ ಕೆಲಸ ಮಾಡಿದರೆ ಬೀಳುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಫೈಲುಗಳನ್ನು (ನೀಲಿ ಪರದೆ ಬಂದಾಗ ಉಳಿಯುವ ದಾಖಲೆ) ಪೆನ್‌ಡ್ರೈವಿಗೆ ಹಾಕಿ, ಡಬ್ಬಿಯ ಜೊತೆಗೇ ಕೊಡಿ.